ಹೂಂಗುಟ್ಟುವ ಸಣ್ಣಿ

"ನಿನ್ನೆ ತನಕ ಸರಿ ಇತ್ತು. ಇವತ್ತು ಬೆಳಿಗ್ಗೆಯಿಂದ ಬರೀ ಗೊರಗೊರ."

"ಹೂಂ."

"ಒಳಗೆ ಎಂತೋ ಸಡಿಲ ಆದ ಹಾಂಗೆ ಕಾಣ್ತದೆ. ಅಲ್ಲಾಡಿಸಿದ್ರೆ ಸದ್ದು ಬರ್ತದೆ."

"ಹೂಂ."

"ನಮ್ಮಪ್ಪಂಗೆ ರೇಡಿಯೋ ಇಲ್ಲದಿದ್ರೆ ಹೊತ್ತು ಹೋಗೂದಿಲ್ಲ. ರಿಪೇರಿಗೆ ಎಷ್ಟು ದಿನ ಬೇಕು?"

"ಹೂಂ."

ರೋಹಿಣಿಯ ಹುಬ್ಬು ಗಂಟಿಕ್ಕಿತು. ಹೊನ್ನಾವರದ ಬಸ್ ಸ್ಟ್ಯಾಂಡ್ ಹಿಂದಿನ ಆ ಇಕ್ಕಟ್ಟಾದ ಅಂಗಡಿಯಲ್ಲಿ, ಹಳೆಯ ಟಿವಿಗಳ ರಾಶಿಯ ನಡುವೆ, ಟೊಪ್ಪಿ ಹಾಕಿಕೊಂಡು ಕೂತಿದ್ದ ಮನುಷ್ಯ ಒಂದು ಸಲವೂ ಬಾಯಿಬಿಟ್ಟು ಮಾತಾಡಿರಲಿಲ್ಲ. ಅವಳು ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿದ್ದ.

"ಅಲ್ಲ, ಎಷ್ಟು ದಿನ ಅಂತ ಕೇಳಿದೆ."

"ಹೂಂ."

"ಹೆಣ್ಣುಮಕ್ಕಳು ಬಂದ್ರೆ ಹೀಗೆ ಕಣ್ಣು ಬಿಟ್ಕಂಡು ಕೂತ್ಕಂಬೂದಾ? ಮನೆಯಲ್ಲಿ ಅಕ್ಕತಂಗಿ ಯಾರೂ ಇಲ್ವಾ ನಿಮಗೆ?"

ಢಣ್ ಎಂದು ಮೇಜಿನ ಅಡಿಯಲ್ಲಿ ಸದ್ದಾಯಿತು. ಯಾರದೋ ತಲೆ ಹಲಗೆಗೆ ಬಡಿದಿತ್ತು. ಬಡಿದ ಜಾಗವನ್ನು ಉಜ್ಜಿಕೊಳ್ಳುತ್ತ ಒಬ್ಬ ತರುಣ ಮೇಲೆದ್ದ.

"ತಪ್ಪು ತಿಳ್ಕಣಬೇಡಿ ಅಕ್ಕೋರೆ. ಅದು ಮನುಷ್ಯ ಅಲ್ಲ."

ಅವಳು ಬಗ್ಗಿ ನೋಡಿದಳು. ಟೊಪ್ಪಿಯ ಕೆಳಗೆ ಬಿಸ್ಕಿಟ್ ಡಬ್ಬಿಯ ಮುಖ. ಕಣ್ಣಿನ ಜಾಗದಲ್ಲಿ ಟಾರ್ಚಿನ ಎರಡು ಬುರುಡೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಇವನೇ ನಮ್ಮ ಕಥೆಯ ನಾಯಕ. ಹೆಸರು ಮಾಬ್ಲೇಶ್ವರ. ಪ್ರೇಮಕಥೆಯ ನಾಯಕನಿಗೆ ಇಂಥ ಹೆಸರೇ ಎಂದು ಮೂಗು ಮುರಿಯಬೇಡಿ, ಅವನ ಅಜ್ಜನಿಗೂ ಅದೇ ಹೆಸರಿತ್ತು. ಇನ್ನು ಅವಳ ಬೆರಳಿಗೆ ಅಂಟಿದ್ದ ಸೀಮೆಸುಣ್ಣ ನೋಡಿ ಅವನು 'ಅಕ್ಕೋರೆ' ಎಂದದ್ದರಲ್ಲೂ ತಪ್ಪಿಲ್ಲ. ಆ ಕಡೆ ಶಾಲೆಯ ಟೀಚರನ್ನು ಹಾಗೇ ಕರೆಯುತ್ತಾರೆ. ಆದರೆ ಪ್ರೇಮಕ್ಕೆ ಇದಕ್ಕಿಂತ ಕೆಟ್ಟ ಆರಂಭ ಇರಲಾರದು ಎಂಬುದನ್ನು ನಾನೂ ಒಪ್ಪುತ್ತೇನೆ.

"ಇದನ್ನ ಎಂತಕ್ಕೆ ಮಾಡಿದ್ರಿ?" ಅವಳು ಸಾವರಿಸಿಕೊಂಡು ಕೇಳಿದಳು.

"ಅಂಗಡಿಗೆ ಬಂದೋರು ಮಾತಾಡ್ತಲೇ ಇರ್ತಾರೆ. ಹೂಂಗುಟ್ಟದಿದ್ರೆ ಬೇಜಾರು ಮಾಡ್ಕಂತಾರೆ, ಹೂಂಗುಟ್ತಾ ಕೂತ್ರೆ ನನ್ನ ಕೆಲಸ ಆಗೂದಿಲ್ಲ. ಹೊರದೇಶದಲ್ಲಿ ಮನುಷ್ಯರ ಮುಖ ನೋಡಿ ತಲೆ ಆಡಿಸೋ ಯಂತ್ರ ಮಾಡ್ತಾರಂತೆ, ಕುಮಟೆಯ ಲೈಬ್ರರಿಯಲ್ಲಿ ಓದಿದ್ದೆ. ನಂಗೆ ತಿಳಿದಷ್ಟು ನಾನು ಮಾಡ್ದೆ."

ಡಬ್ಬಿಯ ಎರಡು ಪಕ್ಕಕ್ಕೆ ಎರಡು ಮೈಕು. ಯಾವ ಕಡೆ ದನಿ ಜೋರೋ ಆ ಕಡೆ ಕತ್ತು ತಿರುಗುತ್ತದೆ. ಮಾತು ನಿಂತು ಎರಡು ಸೆಕೆಂಡಾದರೆ ಒಳಗಿನ ಸ್ಪೀಕರು 'ಹೂಂ' ಎನ್ನುತ್ತದೆ. ಅಷ್ಟೇ.

"ಅಷ್ಟಕ್ಕೇ ನಾನು ಅಷ್ಟೆಲ್ಲ ಹೇಳಿದ್ನಾ?"

"ಎಲ್ಲರೂ ಹೇಳ್ತಾರೆ ಅಕ್ಕೋರೆ. ಮೊನ್ನೆ ಒಬ್ಬರು ಟೇಪ್ ರೆಕಾರ್ಡರ್ ಕೊಡೂಕೆ ಬಂದೋರು ಅರ್ಧ ಗಂಟೆ ಸೊಸೆಯ ದೂರು ಹೇಳಿ, ಟೇಪ್ ರೆಕಾರ್ಡರ್ ವಾಪಸ್ ತಗಂಡೇ ಹೋದರು."

ರೋಹಿಣಿಗೆ ನಗು ಬಂತು. ನಗುತ್ತಿದ್ದಂತೆಯೇ ಅಪ್ಪನ ನೆನಪಾಯಿತು... ನಗು ಅಲ್ಲೇ ನಿಂತಿತು.

ಅವಳ ಅಪ್ಪ ಬೊಮ್ಮಯ್ಯ ಹೊನ್ನಾವರ ಬಂದರಿನಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುತ್ತಿದ್ದವನು. ಅವನು ಒಮ್ಮೆ ಬಾಯಿಬಿಟ್ಟರೆ ದೋಣಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಎರಡು ವರ್ಷದ ಹಿಂದೆ, 2002ರಲ್ಲಿ, ಲಕ್ವಾ ಹೊಡೆಯಿತು. ಕೈಕಾಲು ಅಷ್ಟಿಷ್ಟು ಚೇತರಿಸಿತು. ಮಾತು ಮಾತ್ರ ತುಂಡುತುಂಡಾಯಿತು. ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಅವನು ಹುಡುಕಾಡುತ್ತಿದ್ದ. ಅಷ್ಟರಲ್ಲಿ ಎದುರಿಗಿದ್ದವರು ಆ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. 'ನೀ...' ಎಂದರೆ 'ನೀರಾ?', 'ಬಾ...' ಎಂದರೆ 'ಬಾಗಿಲು ಹಾಕ್ಬೇಕಾ?' ಹಾಗೆ ಮುಗಿಸುವವರಲ್ಲಿ ಎಲ್ಲರಿಗಿಂತ ಮುಂದಿದ್ದವಳು ರೋಹಿಣಿಯೇ. ಪ್ರೀತಿಯಿಂದಲೇ ಮುಗಿಸುತ್ತಿದ್ದಳು. ಅಪ್ಪ ದಣಿಯಬಾರದು ಎಂದು.

ಬೊಮ್ಮಯ್ಯ ನಿಧಾನವಾಗಿ ಮಾತನ್ನೇ ಬಿಟ್ಟುಬಿಟ್ಟ. ಅಮ್ಮ ತೀರಿಹೋಗಿ ವರ್ಷಗಳಾಗಿದ್ದವು. ಮನೆಯಲ್ಲಿ ಇದ್ದದ್ದು ಅವರಿಬ್ಬರು ಮತ್ತು ಆ ರೇಡಿಯೋ.

"ಈ ಗೊಂಬೆಯನ್ನ ಸ್ವಲ್ಪ ದಿನ ನಮ್ಮ ಮನೆಗೆ ಕೊಡ್ತೀರಾ?" ಅವಳು ಮೆಲ್ಲಗೆ ಕೇಳಿದಳು. "ಮನುಷ್ಯರ ಎದುರು ಮಾತಾಡೂಕೆ ಅಪ್ಪಂಗೆ ನಾಚಿಕೆ. ಇದರ ಎದುರು ಆಡಿದ್ರೂ ಆಡ್ತಾನೇನೋ."

ಮಾಬ್ಲೇಶ್ವರ ಅವಳ ಮುಖ ನೋಡಿದ. ಏಕೋ, ಇಲ್ಲ ಎನ್ನಲು ಅವನಿಗೆ ನಾಲಿಗೆಯೇ ಬರಲಿಲ್ಲ.

---

ಮೊದಲ ವಾರ ಎಲ್ಲ ಎಡವಟ್ಟಾಯಿತು.

ಬೊಮ್ಮಯ್ಯ ಗೊಂಬೆಯನ್ನು ಎರಡು ದಿನ ದುರುಗುಟ್ಟಿ ನೋಡಿದ. ಮೂರನೆಯ ದಿನ, ಯಾರೂ ಇಲ್ಲವೆಂದುಕೊಂಡು, "ಇವತ್ತು..." ಎಂದ. ಮುಂದಿನ ಶಬ್ದ ಹುಡುಕುವಷ್ಟರಲ್ಲಿ ಗೊಂಬೆ "ಹೂಂ" ಎಂದಿತು. "ಬಂ..." "ಹೂಂ." "ಬಂಗ್..." "ಹೂಂ." ಅವನು ಸಿಟ್ಟಿನಿಂದ ಅದರ ತಲೆಯ ಮೇಲೆ ಟವೆಲ್ ಎಸೆದ. ಬಂಗಡೆ ಮೀನಿನ ವಿಷಯ ಅಲ್ಲಿಗೇ ನಿಂತಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ ರೋಹಿಣಿ ಮರುದಿನ ಅಂಗಡಿಗೆ ಹೋದಳು.

"ಅದಕ್ಕೂ ಅವಸರ. ನಮ್ಮೆಲ್ಲರ ಹಾಂಗೇ."

"ಸರಿ ಮಾಡ್ತೆ ಅಕ್ಕೋರೆ. ನಾನು ದಿನಾ ಸಂಜೆ ಐದಕ್ಕೆ ಬಂದು ಬ್ಯಾಟರಿ ಬದಲು ಮಾಡಿ, ಹಿಂದಿನ ಜಗಲಿಯಲ್ಲಿ ಕೂತು ಪರೀಕ್ಷೆ ಮಾಡ್ತೆ."

ಅವನು ಅದೇನು ಸರಿ ಮಾಡಿದನೋ, ಎರಡನೆಯ ವಾರದಿಂದ ಗೊಂಬೆ ಬದಲಾಯಿತು. ಬೊಮ್ಮಯ್ಯ ಶಬ್ದಕ್ಕಾಗಿ ತಡಕಾಡಿದರೆ ಸುಮ್ಮನೆ ಅವನತ್ತ ಕತ್ತು ವಾಲಿಸಿ ಕೂತಿರುತ್ತಿತ್ತು. ವಾಕ್ಯ ಮುಗಿದ ಮೇಲೇ "ಹೂಂ." ಅವನು ಅದಕ್ಕೆ ಸಣ್ಣಿ ಎಂದು ಹೆಸರಿಟ್ಟ. ದಿನಾ ಐದಕ್ಕೆ ಮುಖ ತೊಳೆದು, ಶರ್ಟು ಹಾಕಿಕೊಂಡು ಅದರ ಎದುರು ಕೂರತೊಡಗಿದ.

ರೋಹಿಣಿ ಪಾಠ ಮಾಡುವ ಶಾಲೆ ದೂರದ ಕಾಯ್ಕಿಣಿಯಲ್ಲಿ. ಟೆಂಪೋ ಹಿಡಿದು ಮನೆ ಮುಟ್ಟುವಾಗ ಆರು ಗಂಟೆ. ಅಷ್ಟರಲ್ಲಿ ಸಣ್ಣಿಯ ಹೊತ್ತು ಮುಗಿದಿರುತ್ತಿತ್ತು. ಮಾಬ್ಲೇಶ್ವರ ಜಗಲಿಯಲ್ಲಿ ವೈರು ಸುತ್ತುತ್ತಿರುತ್ತಿದ್ದ. ಅವಳು ಚಾ ಮಾಡಿ ಕೊಡುತ್ತಿದ್ದಳು.

"ಇವತ್ತು ಅಪ್ಪ ನನ್ನ ಹತ್ರಾನೂ ಮಾತಾಡ್ದ. ಸಾರಿಗೆ ಉಪ್ಪು ಜಾಸ್ತಿ ಅಂದ," ಒಂದು ಸಂಜೆ ಅವಳು ಹೇಳಿದಳು. ಕಣ್ಣು ತುಂಬಿತ್ತು. "ಉಪ್ಪು ಜಾಸ್ತಿ ಅಂದದ್ದಕ್ಕೆ ಇಷ್ಟು ಖುಷಿಪಟ್ಟವಳು ನಾನೊಬ್ಬಳೇ ಇರ್ಬೇಕು. ನಿಮ್ಮ ಯಂತ್ರ ದೊಡ್ಡದು ಮಾರಾಯರೇ."

ಅವನು ತಲೆ ತಗ್ಗಿಸಿ ಚಾ ಲೋಟವನ್ನೇ ತಿರುಗಿಸಿದ. ಎಂಥ ಸಂಕೋಚದ ಮನುಷ್ಯ, ಹೊಗಳಿದರೂ ತಲೆ ಎತ್ತುವುದಿಲ್ಲ... ಅವಳ ಮನಸ್ಸು ಅಂದೇ ಅವನ ಕಡೆ ವಾಲಿತು. ಅವನು ತಲೆ ತಗ್ಗಿಸಿದ್ದಕ್ಕೆ ಕಾರಣ ಬೇರೆಯೇ ಇತ್ತು ಎಂದು ಅವಳಿಗೆ ಹೇಗೆ ತಿಳಿಯಬೇಕು?

---

ಎರಡು ತಿಂಗಳು ಕಳೆಯಿತು. ಕುಮಟೆಯಿಂದ ರೋಹಿಣಿಗೆ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಬೊಮ್ಮಯ್ಯ ಬೇಡವೆಂದು ತಲೆಯಾಡಿಸಿದ. ಕಾರಣ ಹೇಳಲಿಲ್ಲ. ಹಾಗೆ ಅವನು ಬೇಡವೆಂದ ಮೂರನೆಯ ಸಂಬಂಧ ಅದು.

ಆ ಶನಿವಾರ ಶಾಲೆ ಅರ್ಧ ದಿನ. ಸಂಜೆ ಬೊಮ್ಮಯ್ಯ ಪಕ್ಕದ ಮನೆಯ ರಿಕ್ಷಾದ ನಾಗು ಜೊತೆ ಕ್ಷೌರಕ್ಕೆ ಹೋಗಿದ್ದ. ಐದಾಗಿರಲಿಲ್ಲ, ಮಾಬ್ಲೇಶ್ವರ ಇನ್ನೂ ಬಂದಿಲ್ಲ ಎಂದುಕೊಂಡು ರೋಹಿಣಿ ಒಗೆದ ಬಟ್ಟೆ ಮಡಚುತ್ತ ಸಣ್ಣಿಯ ಎದುರು ಕೂತಳು. ಅಭ್ಯಾಸ ಎನ್ನಿ, ಅವಳ ಬಾಯಿಯೂ ತಾನಾಗಿ ತೆರೆಯಿತು.

"ಅಪ್ಪ ಮತ್ತೆ ಬೇಡ ಅಂದ ಕಣೇ ಸಣ್ಣಿ."

"ಹೂಂ."

"ಎಂತಕ್ಕೆ ಅಂತ ಹೇಳೂದಿಲ್ಲ. ನನ್ನ ಬಿಟ್ಟಿರೂಕೆ ಆಗೂದಿಲ್ಲೇನೋ."

"ಹೂಂ."

"ಆದ್ರೆ ನಂಗೆ ಬೇಜಾರಾಗಲಿಲ್ಲ. ಒಳಗೊಳಗೇ ಸಮಾಧಾನ ಆತು." ಅವಳು ಮಡಚಿದ ಪಂಚೆಯನ್ನು ಮತ್ತೆ ಬಿಡಿಸಿದಳು. "ನಿನ್ನ ಮಾಡಿದೋರು ಇದ್ದಾರಲ್ಲ... ಅವರು ಜಗಲಿಯಲ್ಲಿ ಕೂತು ಚಾ ಕುಡಿಯೋ ಹೊತ್ತಿಗಾಗಿ ನಾನು ಬೆಳಗಿಂದ ಕಾಯ್ತೆ. ಟೆಂಪೋ ತಡ ಆದ್ರೆ ಡ್ರೈವರನ ಮೇಲೆ ಸಿಟ್ಟು ಬರ್ತದೆ. ನಂಗೆ ಅವರೇ ಆಗ್ಬೇಕು ಸಣ್ಣಿ. ಬೇರೆ ಯಾರೂ ಬೇಡ."

ಸಣ್ಣಿ ಸುಮ್ಮನಿತ್ತು.

ಅವಳು ಕಾದಳು. ಸಣ್ಣಿಯ ಕತ್ತು ಅವಳತ್ತಲೇ ವಾಲಿತ್ತು. ಒಂದು ನಿಮಿಷವಾಯಿತು. ಎರಡು ನಿಮಿಷ. ಹೂಂ ಬರಲೇ ಇಲ್ಲ.

ಬ್ಯಾಟರಿ ಹೋಗಿರಬೇಕು ಎಂದುಕೊಂಡು ಅವಳು ಎದ್ದು ಹಿಂದಿನ ಬಾಗಿಲು ತೆಗೆದಳು.

ಜಗಲಿಯಲ್ಲಿ ಮಾಬ್ಲೇಶ್ವರ ಕೂತಿದ್ದ. ಕಿವಿಯಲ್ಲಿ ಇಯರ್ ಫೋನು. ಕೈಯಲ್ಲಿ ವೈರಿನ ತುದಿಗೆ ಕಟ್ಟಿದ ಒಂದು ಕಾಲಿಂಗ್ ಬೆಲ್ಲಿನ ಗುಂಡಿ. ಹೆಬ್ಬೆರಳು ಗುಂಡಿಯ ಮೇಲೇ ಇತ್ತು, ಒತ್ತಿರಲಿಲ್ಲ. ಅವನ ಮುಖ ಕೆಂಪಾಗಿತ್ತು.

ರೋಹಿಣಿಗೆ ಎಲ್ಲ ಅರ್ಥವಾಯಿತು.

"ಎಷ್ಟು ದಿನದಿಂದ?"

"ಎರಡನೇ ವಾರದಿಂದ." ಅವನು ಇಯರ್ ಫೋನು ತೆಗೆದ. "ನಾಲ್ಕು ಸೆಕೆಂಡು ಇಟ್ಟು ನೋಡ್ದೆ, ಎಂಟು ಇಟ್ಟು ನೋಡ್ದೆ. ಎಲ್ಲಿ ಮಾತು ಮುಗೀತು, ಎಲ್ಲಿ ಬರೀ ತಡೀತು ಅಂತ ಯಂತ್ರಕ್ಕೆ ಗೊತ್ತಾಗೂದಿಲ್ಲ ಅಕ್ಕೋರೆ. ಅದಕ್ಕೆ ನಾನೇ ಕೂತೆ."

"ನಂಗೆ ಹೇಳಲಿಲ್ಲ."

"ಯಂತ್ರ ಸೋತಿತ್ತು. ನೀವು ಅದನ್ನ ಅಷ್ಟು ಹೊಗಳಿದ ಮೇಲೆ ಹೇಳೂಕೆ ನಾಚಿಕೆ ಆತು."

"ಇವತ್ತು ನಾನು ಮಾತಾಡೂಕೆ ಶುರು ಮಾಡ್ದಾಗ ಅದನ್ನ ಕಿವಿಯಿಂದ ತೆಗೀಬೇಕಾಗಿತ್ತು ನೀವು."

"ಹೌದು. ತೆಗೀಲಿಲ್ಲ. ತಪ್ಪು ನಂದೇ."

ಅವನು ಏನಾದರೂ ಸಬೂಬು ಹೇಳಿದ್ದರೆ ಅವಳು ಕೂಗಾಡುತ್ತಿದ್ದಳೇನೋ. ಹೇಳಲಿಲ್ಲವಾದ್ದರಿಂದ ಅಳು ಬಂತು. ಅಪ್ಪ ಗೊಂಬೆ ಎಂದು ನಂಬಿ ಹೊಟ್ಟೆಯೊಳಗಿನದನ್ನೆಲ್ಲ ಹೇಳಿಕೊಂಡಿದ್ದ. ಈಗ ತಾನೂ...

"ನಿಮ್ಮ ಗೊಂಬೆ ತಗಂಡು ಹೋಗಿ. ಇನ್ನು ಈ ಮನೆಗೆ ಬರಬೇಡಿ."

ಅವನು ಹೋದ.

---

ಸಣ್ಣಿ ರಿಪೇರಿಗೆ ಹೋಗಿದೆ ಎಂದು ರೋಹಿಣಿ ಅಪ್ಪನಿಗೆ ಸುಳ್ಳು ಹೇಳಿದಳು. ಬೊಮ್ಮಯ್ಯ ಐದು ಗಂಟೆಗೆ ಶರ್ಟು ಹಾಕಿಕೊಂಡು ಖಾಲಿ ಸ್ಟೂಲಿನ ಎದುರು ಕೂರುತ್ತಿದ್ದ. ನಾಲ್ಕು ದಿನ ಕೂತ. ಐದನೆಯ ದಿನ ಶರ್ಟು ಹಾಕಲಿಲ್ಲ. ಸಾರಿಗೆ ಉಪ್ಪೇ ಹಾಕದೆ ಬಡಿಸಿದರೂ ಏನೂ ಅನ್ನಲಿಲ್ಲ.

ರೋಹಿಣಿಗೆ ತಡೆಯಲಾಗಲಿಲ್ಲ. ಹತ್ತನೆಯ ದಿನ ಅಪ್ಪನ ಎದುರು ಕೂತು ನಿಜ ಹೇಳಿದಳು.

"ಅಪ್ಪಾ, ಸಣ್ಣಿ ತಾನಾಗಿ ಹೂಂ ಅಂತಿರಲಿಲ್ಲ. ಜಗಲಿಯಲ್ಲಿ ಆ ಮಾಬ್ಲೇಶ್ವರ ಕೂತು ನೀ ಹೇಳೂದೆಲ್ಲ ಕೇಳ್ತಿದ್ದ. ಅದಕ್ಕೇ ಓಡಿಸಿಬಿಟ್ಟೆ."

ಬೊಮ್ಮಯ್ಯನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಅವನ ಭುಜ ಅಲುಗಿತು. ನೋಡಿದರೆ ನಗುತ್ತಿದ್ದ.

"ಗೊ..." ಅವನು ಶುರು ಮಾಡಿದ.

'ಗೊಂಬೆಯಾ ಅಪ್ಪಾ?' ಎಂಬ ಮಾತು ರೋಹಿಣಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ತುಟಿ ಕಚ್ಚಿ ಹಿಡಿದಳು. ಅಪ್ಪನ ಕಣ್ಣನ್ನೇ ನೋಡುತ್ತ ಕೂತಳು. ಸುಮ್ಮನೆ ಕಾಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

"ಗೊತ್ತಿತ್ತು," ಎಂದ ಬೊಮ್ಮಯ್ಯ.

"ಎಂತಾ?"

"ನಿನ್ನ... ಅಮ್ಮ ಸತ್ತದ್ದು... ಹೇಳ್ದಾಗ... ಜಗಲಿಯಲ್ಲಿ... ಯಾರೋ... ಮೂಗು ಒರೆಸ್ದ ಸದ್ದು. ಡಬ್ಬಿಗೆ... ನೆಗಡಿ ಆಗ್ತದಾ?"

ರೋಹಿಣಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಅಪ್ಪನ ಮಾತು ಇನ್ನೂ ಮುಗಿದಿರಲಿಲ್ಲ.

"ಆಮೇಲೆ ನಾ... ಆಡಿದ್ದೆಲ್ಲ... ಅವನ ಹತ್ರವೇ. ಎದುರು... ಬಂದಿದ್ರೆ... ಆಡ್ತಿರಲಿಲ್ಲ. ಒಳ್ಳೆ... ಹುಡುಗ. ಕಾಯ್ತಾನೆ."

"ನನ್ನ ಹತ್ರ ಹೇಳದ್ದು ಅವರ ಹತ್ರ ಎಂತಾ ಹೇಳ್ದೆ ಅಪ್ಪಾ?"

ಬೊಮ್ಮಯ್ಯ ಬಹಳ ಹೊತ್ತು ಕಿಟಕಿ ನೋಡಿದ. ಬೀದಿಯಲ್ಲಿ ಮೀನಿನವಳು ಕೂಗುತ್ತ ಹೋದಳು. ಆ ಕೂಗು ದೂರವಾಗುವ ತನಕ ಮಗಳು ಕಾದಳು.

"ನಿಶ್ಚಯದ ದಿನ... ಎಲೆಅಡಿಕೆ ತಟ್ಟೆ... ಹಿಡ್ಕಂಡು... ಹೆಣ್ಣಿನ ಅಪ್ಪ... ಹೇಳ್ಬೇಕು. ನನ್ನ ಮಗಳನ್ನ... ಕೊಡ್ತೆ ಅಂತ. ಹತ್ತು ಜನರ ಎದುರು. ನಂಗೆ... ಬಾಯಿ... ಬರೂದಿಲ್ಲ. ಅದಕ್ಕೇ... ಎಲ್ಲ ಸಂಬಂಧ... ಬೇಡ ಅಂದೆ. ನಿಂಗೆ... ಅನ್ಯಾಯ... ಮಾಡ್ದೆ."

ಅವರ ಕೇರಿಯಲ್ಲಿ ಆ ಒಂದು ಮಾತನ್ನು ಬೇರೆ ಯಾರೂ ಆಡುವಂತಿರಲಿಲ್ಲ. ತಂದೆ ಬದುಕಿದ್ದರೆ ತಂದೆಯೇ ಆಡಬೇಕು. ರೋಹಿಣಿ ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಮೂರು ಸಂಬಂಧ, ಎರಡು ವರ್ಷ... ತನ್ನ ಕಣ್ಣೆದುರೇ ಅಪ್ಪ ಇದನ್ನು ನುಂಗಿಕೊಂಡು ಕೂತಿದ್ದ. ಒಂದು ಸಲ ಅವನ ಮಾತನ್ನು ಕೊನೆಯ ತನಕ ಕೇಳಿದ್ದರೆ ಸಾಕಿತ್ತು.

ಅಳು ನಿಂತ ಮೇಲೆ ಇನ್ನೊಂದು ವಿಷಯ ಹೊಳೆಯಿತು. ಮಾಬ್ಲೇಶ್ವರನಿಗೆ ಇದೆಲ್ಲ ಗೊತ್ತಿತ್ತು. ಜಗಲಿಯಲ್ಲಿ ದಿನಾ ತನ್ನ ಕೈಯ ಚಾ ಕುಡಿದ. ತಾನು ಅಷ್ಟು ಬೈದು ಹೊರಗೆ ಹಾಕಿದಾಗಲೂ, ಅವನು ತನ್ನ ಮಾನ ಉಳಿಸಿಕೊಳ್ಳಲಿಕ್ಕಾದರೂ ಅಪ್ಪನ ಗುಟ್ಟು ಬಿಚ್ಚಲಿಲ್ಲ.

---

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ರಜೆ ಹಾಕಿ ಹೋದಳು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಸಣ್ಣಿ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿತ್ತು. ಮಾಬ್ಲೇಶ್ವರ ಅವಳನ್ನು ಕಂಡದ್ದೇ ಎದ್ದು ನಿಂತ.

"ಅಕ್ಕೋರೆ..."

"ಮೊದಲು ನಾನು ಹೇಳ್ತೆ. ಅಪ್ಪಂಗೆ ಎಲ್ಲ ಗೊತ್ತಿತ್ತಂತೆ. ನಿಮ್ಮ ಹತ್ರ ಹೇಳಿದ್ದನ್ನ ನಿನ್ನೆ ನಂಗೂ ಹೇಳ್ದ."

ಅವನು ಉಸಿರು ಬಿಟ್ಟ. "ಹೇಳಿದ್ರಾ? ಪೂರ್ತಿ?"

"ಪೂರ್ತಿ. ನಾನು ಮಧ್ಯ ಬಾಯಿ ಹಾಕಲಿಲ್ಲ." ಹೇಳುವಾಗ ಅವಳಿಗೇ ಹೆಮ್ಮೆಯಾಯಿತು. "ನೀವು ಮುಚ್ಚಿಟ್ಟದ್ದಕ್ಕೆ ನಂಗೆ ಇನ್ನೂ ಸಿಟ್ಟು ಅದೆ. ಆದ್ರೆ ಒಂದು ಕೇಳ್ಬೇಕು. ಅವತ್ತು ನಾನು ಸಣ್ಣಿ ಹತ್ರ ಅಷ್ಟೆಲ್ಲ ಹೇಳ್ದೆ. ಗುಂಡಿ ಎಂತಕ್ಕೆ ಒತ್ತಲಿಲ್ಲ? ಒತ್ತಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

ಮಾಬ್ಲೇಶ್ವರ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಎತ್ತಿಕೊಂಡ. ಮತ್ತೆ ಕೆಳಗಿಟ್ಟ. ರೋಹಿಣಿ ಕಾದಳು. ಈಗ ಅವಳಿಗೆ ಅದು ಸ್ವಲ್ಪ ಅಭ್ಯಾಸವಾಗಿತ್ತು.

"ನನ್ನ ಬಗ್ಗೆ ಯಾರೂ ಹಾಂಗೆ ಹೇಳಿರಲಿಲ್ಲ," ಕೊನೆಗೆ ಅವನೆಂದ. "ಅದಕ್ಕೆ ಡಬ್ಬಿಯಿಂದ ಹೂಂ ಅನ್ನಿಸಿದ್ರೆ... ಮೋಸ ಆಗ್ತಿತ್ತು. ಎದ್ದು ಬಂದು ನಾನೇ ಹೇಳ್ಬೇಕಿತ್ತು. ಎದ್ದು ಬರೂಕೆ ಧೈರ್ಯ ಸಾಲಲಿಲ್ಲ. ಒತ್ತೂಕೂ ಆಗಲಿಲ್ಲ, ಏಳೂಕೂ ಆಗಲಿಲ್ಲ. ಹಾಂಗೇ ಕೂತೆ."

"ಎದ್ದು ಬಂದಿದ್ರೆ ಎಂತಾ ಹೇಳ್ತಿದ್ರಿ?"

"ನಿಮ್ಮ ಟೆಂಪೋ ತಡ ಆದ ದಿನ ನಂಗೂ ಆ ಡ್ರೈವರನ ಮೇಲೆ ಸಿಟ್ಟು ಬರ್ತದೆ ಅಂತ."

ಹತ್ತು ದಿನದ ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

"ಅವತ್ತು ಗೊಂಬೆಗೆ ಹೇಳಿದ್ದನ್ನ ಈಗ ನಿಮಗೇ ಹೇಳ್ತೆ," ಎಂದಳು ಅವನ ಕಣ್ಣು ನೋಡಿ. "ನಂಗೆ ನೀವೇ ಆಗ್ಬೇಕು. ಆದ್ರೆ ಅಪ್ಪ ತನ್ನ ಬಾಯಿಂದ ಕೊಡ್ತೆ ಅನ್ನೂ ತನಕ ನಿಶ್ಚಯ ಇಲ್ಲ. ವರ್ಷ ಆದ್ರೂ ಸರಿ. ಕಾಯ್ತೀರಾ?"

"ಕಾಯ್ತೆ. ಇವತ್ತು ಸಂಜೆ ಐದಕ್ಕೆ ಮನೆಗೆ ಬರ್ಲಾ?"

"ಬನ್ನಿ. ಹಿಂದಿನ ಜಗಲಿಗಲ್ಲ. ಒಳಗೆ ಬಂದು ಅಪ್ಪನ ಎದುರು ಕೂತ್ಕಣಿ."

---

ವರ್ಷ ಬೇಕಾಗಲಿಲ್ಲ. ಐದು ತಿಂಗಳು ಸಾಕಾಯಿತು. ಐದು ತಿಂಗಳೂ ಸಂಜೆ ಮಾಬ್ಲೇಶ್ವರ ಬೊಮ್ಮಯ್ಯನ ಎದುರು ಕೂತ. ಆರು ಗಂಟೆಗೆ ಮಗಳೂ ಬಂದು ಸೇರಿಕೊಳ್ಳುತ್ತಿದ್ದಳು. ಬಂಗಡೆಯ ವಿಷಯ ಕಡೆಗೂ ಮುಗಿಯಿತು.

ನಿಶ್ಚಯದ ಬೆಳಿಗ್ಗೆ ಮನೆ ತುಂಬ ಜನ. ಬೊಮ್ಮಯ್ಯ ತಟ್ಟೆ ಹಿಡಿದು ನಿಂತ. ಎಲೆಯ ಮೇಲಿನ ಅಡಿಕೆ ಉರುಳಾಡುತ್ತಿತ್ತು.

"ನನ್ನ..." ಎಂದ.

ಮನೆಯಲ್ಲಿ ಸದ್ದಿಲ್ಲ.

"ನನ್ನ... ಮಗ..."

ರೋಹಿಣಿಯ ಸೋದರಮಾವ ಕೃಷ್ಣಾನಂದನಿಗೆ ಸಹಿಸಲಾಗಲಿಲ್ಲ. "ಮಗಳು ರೋಹಿ..." ಎಂದು ಬಾಯಿ ಹಾಕಿದ. ರೋಹಿಣಿ ತಲೆಯೆತ್ತಿ ಅವನತ್ತ ಒಮ್ಮೆ ನೋಡಿದಳು. ಶಾಲೆಯಲ್ಲಿ ಅವಳ ಎರಡನೆಯ ಕ್ಲಾಸಿನ ಮಕ್ಕಳು ಆ ನೋಟವನ್ನು ಚೆನ್ನಾಗಿ ಬಲ್ಲರು. ಮಾವ ಬಾಯಿ ಮುಚ್ಚಿದ.

ಬೊಮ್ಮಯ್ಯ ಹುಡುಕಿದ. ಅವನ ಹಣೆಯಲ್ಲಿ ಬೆವರೊಡೆಯಿತು. ಒಬ್ಬರು ಕೆಮ್ಮನ್ನು ನುಂಗಿದರು, ಮಾಬ್ಲೇಶ್ವರನ ತಾಯಿ ಮಗನ ತೋಳು ಹಿಡಿದುಕೊಂಡಳು. ಎಲ್ಲರೂ ಕಾದರು.

"ನನ್ನ ಮಗಳು... ರೋಹಿಣಿಯನ್ನ... ನಿಮ್ಮ ಮನೆಗೆ... ಕೊಡ್ತೆ."

ತಟ್ಟೆ ಈ ಕೈಯಿಂದ ಆ ಕೈಗೆ ಹೋಯಿತು. ಹೆಂಗಸರು ಕಣ್ಣೊರೆಸಿಕೊಂಡರು. ಎಲ್ಲ ಮುಗಿಯಿತೆಂದು ಜನ ಊಟಕ್ಕೆ ಏಳತೊಡಗಿದಾಗ ಬೊಮ್ಮಯ್ಯ ಕೈ ಎತ್ತಿದ.

"ಕೂತ್ಕಣಿ. ಇನ್ನೂ... ಹೇಳೂದು... ಅದೆ."

ಜನ ಕೂತರು. ಬಂದರಿನಲ್ಲಿ ಒಂದು ಕಾಲಕ್ಕೆ ಕೂಗಿ ಕೂಗಿ ಮೀನು ಮಾರಿದ ಮನುಷ್ಯ ಮಗಳು ಹುಟ್ಟಿದ ದಿನದಿಂದ ಶುರು ಮಾಡಿದ. ಒಂದೊಂದು ಶಬ್ದವನ್ನೂ ತಾನೇ ಹುಡುಕಿದ, ತಾನೇ ಆಡಿದ. ಮುಕ್ಕಾಲು ಗಂಟೆಯಾದರೂ ಮಗಳು ಇನ್ನೂ ಮೂರನೆಯ ಕ್ಲಾಸಿನಲ್ಲಿದ್ದಳು. ಒಳಗೆ ಪಾಯಸ ತಣಿಯುತ್ತಿತ್ತು.

ಮಾಬ್ಲೇಶ್ವರ ರೋಹಿಣಿಯ ಕಡೆ ಬಾಗಿ ಪಿಸುಗುಟ್ಟಿದ.

"ಇವತ್ತು ಊಟ ಆಗೂದು ಹೌದಾ?"

"ಹಸಿವಾದ್ರೆ ಒಳಗೆ ಹೋಗಿ ಬಡಿಸ್ಕಣಿ. ನಾ ಅಪ್ಪ ಹೇಳೂದು ಕೇಳ್ಬೇಕು."

"ನಂಗೂ ಕೇಳ್ಬೇಕು."

"ಹಾಂಗಾದ್ರೆ ಸುಮ್ನೆ ಕೂತ್ಕಣಿ," ಎಂದಳು ರೋಹಿಣಿ, ಮತ್ತು ಯಾರೂ ನೋಡದಂತೆ ಸೀರೆಯ ಸೆರಗಿನ ಅಡಿಯಲ್ಲಿ ಅವನ ಕೈ ಹಿಡಿದುಕೊಂಡಳು.